ತರಕಾರಿ ತೊಳೆಯುವ ಓಝೋನ್ ಮಷಿನ್ ನಿಜವಾಗಿ ಕೆಲಸ ಮಾಡುತ್ತದಾ?

ಬಸಳೆಬಳ್ಳಿ, ಕುಂಜಿಬೆಟ್ಟು
ನಮ್ಮ ಫ್ಲ್ಯಾಟಿನಲ್ಲಿ ಕಳೆದ ಭಾನುವಾರ ಒಬ್ಬರು ತರಕಾರಿ ಶುದ್ಧ ಮಾಡುವ ಮಷಿನ್ ಡೆಮೊ ಕೊಟ್ಟರು. ಟಬ್ಬಿಗೆ ನೀರು ತುಂಬಿಸಿ ಒಂದು ಕಟ್ಟು ಹರಿವೆ ಸೊಪ್ಪು ಹಾಕಿದರು, ಪೈಪ್ ಇಳಿಸಿ ಸ್ವಿಚ್ ಒತ್ತಿದರು. ಗುಳುಗುಳು ಅಂತ ಗುಳ್ಳೆ ಬಂತು. ಸ್ವಲ್ಪ ಹೊತ್ತಿನಲ್ಲಿ ಮೇಲೆ ಕಂದು ನೊರೆ ಕಟ್ಟಿತು. "ನೋಡಿ ಮೇಡಂ, ದಿನಾ ನೀವು ಮಕ್ಕಳಿಗೆ ತಿನ್ನಿಸುವ ವಿಷ ಇದೇ" ಅಂದರು. ಪಕ್ಕದ ಮನೆಯವರು ಅಲ್ಲೇ ಅಡ್ವಾನ್ಸ್ ಕೊಟ್ಟುಬಿಟ್ಟರು. ಬೆಲೆ ಒಂಬತ್ತು ಸಾವಿರದ ಹತ್ತಿರ ಉಂಟು. ಕೋಳಿ, ಮೀನನ್ನೂ ಅದರಲ್ಲೇ ತೊಳೆಯಬಹುದಂತೆ.

ಅತ್ತೆ ಮಾತ್ರ "ಉಪ್ಪು ನೀರಲ್ಲಿ ಹಾಕಿಟ್ಟು ತೊಳೆದರೆ ಸಾಲದಾ" ಅಂತ ಹೇಳಿ ಒಳಗೆ ಹೋದರು. ಗಂಡನಿಗೆ ಮಷಿನ್ ಅಂದರೆ ಪ್ರಾಣ. ಬಳಸಿದವರು ಯಾರಾದರೂ ಇದ್ದರೆ ಹೇಳಿ ಮಾರಾಯ್ರೆ. ಓಝೋನ್ ಅಂದರೆ ಆಕಾಶದಲ್ಲಿ ಇರುವುದಲ್ವಾ, ಟಬ್ಬಿಗೆ ಹೇಗೆ ಬಂತು?

ಗೋಳಿಬಜೆ
ತಗೊಳ್ಳಬೇಡಿ. ದುಡ್ಡು ಜಾಸ್ತಿ ಇದ್ದರೆ ಇಲ್ಲಿರುವವರಿಗೆಲ್ಲ ಬಜೆ ಕೊಡಿಸಿ.

ಕದ್ರಿ ಗುಡ್ಡೆ
ನೊರೆ ನೋಡಿ ಹೆದರಬೇಡಿ. ಅಕ್ವೇರಿಯಂಗೆ ಹಾಕುವ ಗಾಳಿ ಪಂಪ್ ಮನೆಯಲ್ಲಿದ್ದರೆ ಅದೇ ಹರಿವೆಯನ್ನು ನೀರಲ್ಲಿ ಹಾಕಿ ಅರ್ಧ ಗಂಟೆ ಬಿಡಿ. ಆಗಲೂ ನೊರೆ ಬರುತ್ತದೆ. ಸೊಪ್ಪಿನ ದಂಟು ಕತ್ತರಿಸಿದ ಕಡೆ ರಸ ಬಿಡುತ್ತದೆ, ಮಣ್ಣು ಬಿಡುತ್ತದೆ, ಗಾಳಿ ಹೊಡೆದರೆ ನೊರೆ ಕಟ್ಟುತ್ತದೆ. ಕಂದು ಬಣ್ಣ ಮಣ್ಣಿನದ್ದು. ಕೀಟನಾಶಕ ಅಷ್ಟು ಸುಲಭಕ್ಕೆ ಕಣ್ಣಿಗೆ ಕಾಣುವುದಾಗಿದ್ದರೆ ಲ್ಯಾಬ್‌ನವರಿಗೆ ಎಂತ ಕೆಲಸ?

ಇದೇ ಜನ ಹಿಂದೆ ಆರ್‌ಒ ನೀರಿನ ಫಿಲ್ಟರ್ ಮಾರಲಿಕ್ಕೆ ಬರುತ್ತಿದ್ದರು. ಎರಡು ಕಡ್ಡಿಯನ್ನು ನೀರಿಗಿಳಿಸಿ ಕರೆಂಟ್ ಕೊಟ್ಟ ಕೂಡಲೇ ನಮ್ಮ ಬಾವಿ ನೀರು ಕೆಂಪು ಕೆಸರು. ಅವರ ಫಿಲ್ಟರ್ ನೀರು ಮಾತ್ರ ಹಾಗೇ ಇರುತ್ತದೆ. ಕೆಸರು ಬಂದದ್ದು ಆ ಕಬ್ಬಿಣದ ಕಡ್ಡಿಯಿಂದ! ಆರ್‌ಒ ನೀರಲ್ಲಿ ಲವಣ ಇಲ್ಲ, ಕರೆಂಟ್ ಹರಿಯುವುದಿಲ್ಲ, ಅಷ್ಟೇ. ಒಂದು ಚಿಟಿಕೆ ಉಪ್ಪು ಹಾಕಿದರೆ ಅವರದ್ದೂ ಕೆಂಪಾಗುತ್ತದೆ. ನಮ್ಮ ಮನೆಯಲ್ಲಿ ಉಪ್ಪಿನ ಡಬ್ಬ ತಂದ ತಕ್ಷಣ ಅವರಿಗೆ ಬೇರೆ ಮನೆಗೆ ಹೋಗುವ ಅರ್ಜೆಂಟ್ ಬಂತು.

ಬೆಳ್ಮಣ್ ಬಸ್ಸು
ಉಪ್ಪಿನ ಡಬ್ಬ 😂 ಇದನ್ನು ನಮ್ಮ ಫ್ಯಾಮಿಲಿ ಗ್ರೂಪಿಗೆ ಹಾಕುತ್ತೇನೆ.

ಸುರತ್ಕಲ್ ಕೆಮಿಸ್ಟ್
ಒಂದೇ ಏಟಿಗೆ ಮೋಸ ಅನ್ನಬೇಡಿ. ಡೆಮೊ ನಾಟಕ ಇರಬಹುದು, ಓಝೋನ್ ಸುಳ್ಳಲ್ಲ. ಫ್ರಾನ್ಸಿನ ನೀಸ್ ನಗರದವರು 1906ರಲ್ಲೇ ಕುಡಿಯುವ ನೀರಿಗೆ ಬಳಸಲು ಶುರು ಮಾಡಿದ್ದರು. ಈಗ ಬಾಟಲಿ ನೀರು ತಯಾರಿಸುವಲ್ಲಿಯೂ ಉಂಟು. ಗಾಳಿಯ ಆಮ್ಲಜನಕದಲ್ಲಿ ಎರಡು ಪರಮಾಣು ಇರುತ್ತದೆ. ಜೋರು ವೋಲ್ಟೇಜ್ ಕೊಟ್ಟರೆ ಮೂರು ಪರಮಾಣುವಿನ ಓಝೋನ್ ಆಗುತ್ತದೆ. ಆ ಮೂರನೆಯದು ಸುಮ್ನೆ ಕೂರುವುದಿಲ್ಲ, ಸಿಕ್ಕಿದ್ದರ ಮೇಲೆ ಬಿದ್ದು ಉತ್ಕರ್ಷಿಸುತ್ತದೆ. ಬ್ಯಾಕ್ಟೀರಿಯಾ ಸಾಯುತ್ತದೆ, ಸೊಪ್ಪಿನ ಮೇಲಿನ ಕೀಟನಾಶಕವೂ ಸ್ವಲ್ಪ ಒಡೆಯುತ್ತದೆ. ಸಿಡಿಲು ಬಡಿದಾಗ, ಹಳೆ ಜೆರಾಕ್ಸ್ ಅಂಗಡಿಯಲ್ಲಿ ಬರುವ ಆ ಚುರುಕು ವಾಸನೆ ಅದರದ್ದೇ.

ತಕರಾರು ಇರುವುದು ಬೇರೆ ಕಡೆ. ಡಬ್ಬದ ಮೇಲೆ "ಗಂಟೆಗೆ ಇಷ್ಟು ಮಿಲಿಗ್ರಾಂ" ಅಂತ ಬರೆದಿರುತ್ತಾರೆ. ಅದು ತಯಾರಾಗುವ ಲೆಕ್ಕ, ನೀರಲ್ಲಿ ಕರಗುವ ಲೆಕ್ಕ ಅಲ್ಲ. ತುಂಬಾ ಭಾಗ ಗುಳ್ಳೆಯ ಜೊತೆ ಮೇಲೆ ಬಂದು ಅಡುಗೆಮನೆಯ ಗಾಳಿಗೆ ಸೇರುತ್ತದೆ. ಕೆಲಸದ ಜಾಗದ ಗಾಳಿಯಲ್ಲಿ ಓಝೋನ್ 0.1 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 0.1 ಭಾಗ) ದಾಟಬಾರದು ಅನ್ನುವುದು ಅಮೆರಿಕದ ನಿಯಮ. ನಿಮ್ಮ ಮನೆಯಲ್ಲಿ ಅಸ್ತಮಾ ಇದ್ದವರಿದ್ದರೆ, ಕಿಟಕಿ ಮುಚ್ಚಿಕೊಂಡು ಓಡಿಸಿದರೆ ಒಳ್ಳೆಯದಲ್ಲ.

ಇನ್ನೊಂದನ್ನು ಮಾರುವವರು ಹೇಳುವುದೇ ಇಲ್ಲ. ಕ್ಲೋರ್‌ಪೈರಿಫಾಸ್‌ನಂಥ ಔಷಧಿಗೆ ಓಝೋನ್ ತಗುಲಿದರೆ ನಡುವೆ ಆಕ್ಸಾನ್ ಅಂತ ಒಂದು ರೂಪ ಆಗುತ್ತದೆ. ಅದು ಮೂಲ ಔಷಧಿಗಿಂತ ಹೆಚ್ಚು ವಿಷ. ಪೂರ್ತಿ ಒಡೆದರೆ ಚಿಂತೆ ಇಲ್ಲ, ಅರ್ಧಕ್ಕೆ ಮಷಿನ್ ಆಫ್ ಮಾಡಿದರೆ? ಗಿಡದ ಒಳಗೇ ಇಳಿಯುವ ಇಮಿಡಾಕ್ಲೋಪ್ರಿಡ್‌ನಂಥದ್ದಕ್ಕಂತೂ ಹೊರಗಿನ ಯಾವ ಸ್ನಾನವೂ ತಾಗುವುದಿಲ್ಲ.

ಬಸಳೆಬಳ್ಳಿ, ಕುಂಜಿಬೆಟ್ಟು
@ಸುರತ್ಕಲ್ ಕೆಮಿಸ್ಟ್ ಅಯ್ಯೋ. ಹಾಗಾದರೆ ಎಂತ ಮಾಡುವುದು? ಉಪ್ಪು ನೀರೇ ಸಾಕಾ? ಯೂಟ್ಯೂಬಿನಲ್ಲಿ ಅಡಿಗೆ ಸೋಡಾ ಅಂತಾರೆ, ವಿನೆಗರ್ ಅಂತಾರೆ.

ಸುರತ್ಕಲ್ ಕೆಮಿಸ್ಟ್
ಸೋಡಾಕ್ಕೆ ಆಧಾರ ಉಂಟು. 2017ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು ಸೇಬಿಗೆ ಥಯಾಬೆಂಡಜೋಲ್, ಫಾಸ್ಮೆಟ್ ಅಂತ ಎರಡು ಔಷಧಿ ಹಚ್ಚಿ ನೋಡಿದರು. ಶೇ. 1ರ ಸೋಡಾ ನೀರಿನಲ್ಲಿ 12ರಿಂದ 15 ನಿಮಿಷ ಇಟ್ಟಾಗ ಸಿಪ್ಪೆಯ ಮೇಲಿದ್ದದ್ದು ಹೋಯಿತು. ಸಿಪ್ಪೆಯೊಳಗೆ ಇಳಿದದ್ದು ಹೋಗಲಿಲ್ಲ. ಅಂದರೆ ಲೀಟರ್ ನೀರಿಗೆ 10 ಗ್ರಾಂ, ಎರಡು ಟೀ ಚಮಚ. ಅವರು ಮಾಡಿದ್ದು ಸೇಬಿಗೆ, ಎರಡು ಔಷಧಿಗೆ ಮಾತ್ರ ಅನ್ನುವುದು ನೆನಪಿರಲಿ. ಸೊಪ್ಪಿಗೆ ಅಷ್ಟು ಹೊತ್ತು ಇಟ್ಟರೆ ಬಾಡುತ್ತದೆ. ಸೊಪ್ಪನ್ನು ಬಿಡಿಸಿ, ಹರಿಯುವ ನಲ್ಲಿ ನೀರಿನಲ್ಲಿ ಎಲೆ ಎಲೆಯಾಗಿ ಉಜ್ಜಿ. ಅತ್ತೆಯವರನ್ನು ತೀರಾ ಬಿಟ್ಟುಹಾಕಬೇಡಿ.

ತುಪ್ಪದೋಸೆ
ಹಸಿ ತಿನ್ನುವ ಸೌತೆ, ಟೊಮೆಟೊಗೆ? ಅಲ್ಲಿ ಔಷಧಿಗಿಂತ ಕ್ರಿಮಿಯದ್ದೇ ಹೆದರಿಕೆ ಅಲ್ವಾ.

ಸುರತ್ಕಲ್ ಕೆಮಿಸ್ಟ್
ಹೌದು, ಅದು ಬೇರೆ ಲೆಕ್ಕ. ಎಫ್‌ಎಸ್‌ಎಸ್‌ಎಐ ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದವರು ಕೊರೋನಾ ಟೈಮಲ್ಲಿ ಹೇಳಿದ್ದು 50 ಪಿಪಿಎಂ ಕ್ಲೋರಿನ್ ಅಥವಾ ಉಗುರುಬೆಚ್ಚಗಿನ ನೀರು. ಆಹಾರಕ್ಕೆ ಅಂತಲೇ ಮಾರುವ, ಪರಿಮಳ ಹಾಕದ ಶೇ. 5ರ ಹೈಪೋಕ್ಲೋರೈಟ್ ಆದರೆ ಲೀಟರಿಗೆ 1 ಮಿಲೀ. ಆಮೇಲೆ ಕುಡಿಯುವ ನೀರಿನಲ್ಲಿ ತೊಳೆಯಬೇಕು. ಸೋಪು, ಪಾತ್ರೆ ತೊಳೆಯುವ ಲಿಕ್ವಿಡ್, ಸ್ಯಾನಿಟೈಸರ್ ತರಕಾರಿಗೆ ಬೇಡ ಅಂತಲೂ ಆಗ ಹೇಳಿದ್ದರು. ಲಾಕ್‌ಡೌನಲ್ಲಿ ಬಾಳೆಹಣ್ಣಿಗೆ ಸ್ಯಾನಿಟೈಸರ್ ಹೊಡೆದವರು ನಮ್ಮ ಬಿಲ್ಡಿಂಗಲ್ಲೇ ಇದ್ದಾರೆ.

ಕಾರ್ಕಳದ ತೋಟ
ಪೇಟೆಯವರಿಗೆ ಒಂದು ಪ್ರಶ್ನೆ. ನಿಮಗೆ ಮದ್ದು ಅಂದರೆ ಎಲ್ಲವೂ ಒಂದೇ ವಿಷವಾ? ನಾವು ಮಳೆಗಾಲ ಶುರುವಾಗುವಾಗ ಅಡಿಕೆಗೆ ಮದ್ದು ಬಿಡುತ್ತೇವೆ, ಕೊಳೆರೋಗಕ್ಕೆ. ಅದು ಮೈಲುತುತ್ತು ಮತ್ತು ಸುಣ್ಣ. 100 ಲೀಟರಿಗೆ ತಲಾ ಒಂದು ಕಿಲೋ. ಬೋರ್ಡೋ ದ್ರಾವಣ ಅಂತ ಪುಸ್ತಕದ ಹೆಸರು. ಫ್ರಾನ್ಸಿನಲ್ಲಿ 1880ರ ದಶಕದಲ್ಲಿ ರಸ್ತೆ ಬದಿಯ ದ್ರಾಕ್ಷಿಯನ್ನು ಜನ ಕದಿಯದಿರಲಿ ಅಂತ ನೀಲಿ ಬಣ್ಣ ಎರಚುತ್ತಿದ್ದರಂತೆ. ಎರಚಿದ ಬಳ್ಳಿಗೆ ರೋಗ ಬರಲಿಲ್ಲ ಅಂತ ಒಬ್ಬ ಪ್ರೊಫೆಸರ್ ಗಮನಿಸಿದ. ಕಳ್ಳರ ಪುಣ್ಯದಿಂದ ನಮ್ಮ ಅಡಿಕೆ ಉಳಿಯಿತು.

ಮದ್ದು ಹೊಡೆದ ಮೇಲೆ ಕೊಯ್ಯಲಿಕ್ಕೆ ಇಷ್ಟು ದಿನ ಕಾಯಬೇಕು ಅಂತ ಪ್ರತಿ ಡಬ್ಬದ ಮೇಲೂ ಇರುತ್ತದೆ. ಕಾದರೆ ಬಿಸಿಲು ಮಳೆಗೆ ಅದು ಇಳಿಯುತ್ತದೆ. ಕಾಯದವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಬದನೆಗೆ ಕಾಯಿಕೊರಕ ಹುಳ ಬಿದ್ದರೆ ರೈತನ ತಲೆ ಕೆಡುತ್ತದೆ, ವಾರ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು? ನೀವೂ ಹುಳದ ಒಂದು ತೂತು ಕಂಡರೆ ಗುಳ್ಳ ಬದನೆಯನ್ನು ಬುಟ್ಟಿಗೆ ವಾಪಸ್ ಹಾಕುತ್ತೀರಿ. ಆಮೇಲೆ ಮನೆಗೆ ಹೋಗಿ ಒಂಬತ್ತು ಸಾವಿರದ ಮಷಿನಿಗೆ ಹಾಕುತ್ತೀರಿ.

ಕದ್ರಿ ಗುಡ್ಡೆ
@ಕಾರ್ಕಳದ ತೋಟ ಸರಿಯಾಗಿ ಕೊಟ್ಟಿರಿ. ಆದರೆ ಮಟ್ಟುಗುಳ್ಳದ ರೇಟಿಗೆ ತೂತು ಇದ್ದದ್ದನ್ನು ತಗೊಳ್ಳಲಿಕ್ಕೆ ಮನಸ್ಸು ಬರುವುದಿಲ್ಲ ಮಾರಾಯ್ರೆ.

ಮಲ್ಪೆ ದಕ್ಕೆ
ತರಕಾರಿ ವಿಷಯ ನೀವು ನೋಡಿಕೊಳ್ಳಿ. ಆ ಜನ ಮೀನು, ಕೋಳಿಯನ್ನೂ ತೊಳೆಯಬಹುದು ಅಂದರಲ್ಲ, ಅಲ್ಲಿ ನನಗೆ ಸಿಟ್ಟು ಬಂತು.

ನಾನು ಮೀನು ರಫ್ತಿನ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ವಿಭಾಗದಲ್ಲಿ ಇದ್ದವ. ಒಳಗೆ ಹೋಗುವ ಬಾಗಿಲಲ್ಲೇ ಒಂದು ಸಣ್ಣ ಹೊಂಡ, ಅದರಲ್ಲಿ 200 ಪಿಪಿಎಂ ಕ್ಲೋರಿನ್ ನೀರು. ಗಂಬೂಟು ಹಾಕಿಕೊಂಡು ಅದರಲ್ಲಿ ಇಳಿದೇ ಹೋಗಬೇಕು, ಹಾರಿ ದಾಟುವ ಹಾಗಿಲ್ಲ. ಆಮೇಲೆ ಸೋಪು ಹಾಕಿ ಕೈ ತೊಳೆದು 20 ಪಿಪಿಎಂ ನೀರಲ್ಲಿ ಅದ್ದಬೇಕು. ನಲ್ಲಿಗೆ ಕೈ ತಾಗಿಸುವ ಹಾಗಿಲ್ಲ, ಕಾಲಿನಿಂದ ಒತ್ತುವುದು. ಬಳೆ, ಉಂಗುರ, ವಾಚು ಇಲ್ಲ. ಮೇಜಿನ ಮೇಲೆ ಮೀನಿಗಿಂತ ಜಾಸ್ತಿ ಐಸ್. ಪ್ರೋಬ್ ಥರ್ಮಾಮೀಟರ್ ಚುಚ್ಚಿದಾಗ 4 ಡಿಗ್ರಿ ಮೀರಿದರೆ ಆ ಟ್ರೇ ಬದಿಗೆ. 1997ರಲ್ಲಿ ಯುರೋಪಿನವರು ಭಾರತದ ಮೀನು ಬೇಡ ಅಂತ ತಡೆ ಹಾಕಿದ್ದರು. ಅಲ್ಲಿಂದ ನಮ್ಮ ಫ್ಯಾಕ್ಟರಿಗಳ ನೆಲ, ಗೋಡೆ, ಚರಂಡಿ ಎಲ್ಲ ಬದಲಾಯಿತು.

ಈ ಪದ್ಧತಿಯ ಹೆಸರು ಹ್ಯಾಸಪ್. ಬಾಹ್ಯಾಕಾಶ ಯಾತ್ರಿಗಳ ಊಟಕ್ಕೆ ಅಂತ ನಾಸಾ, ಪಿಲ್ಸ್‌ಬರಿ ಕಂಪನಿ, ಅಮೆರಿಕದ ಸೇನೆಯ ಲ್ಯಾಬ್ ಸೇರಿ 1960ರ ದಶಕದಲ್ಲಿ ಮಾಡಿದ್ದು. ತಯಾರಾದ ತಿಂಡಿಯನ್ನೇ ಪರೀಕ್ಷೆ ಮಾಡುತ್ತಾ ಹೋದರೆ ತಿನ್ನಲಿಕ್ಕೆ ಎಂತ ಉಳಿಯುತ್ತದೆ? ಅದಕ್ಕೆ ಎಲ್ಲಿ ಕೆಡಬಹುದೋ ಅಲ್ಲೇ ನಿಂತು ಕಾಯುವುದು. ನನ್ನ ಪ್ರಕಾರ ಆಹಾರದ ವಿಷಯದಲ್ಲಿ ಇದಕ್ಕಿಂತ ದೊಡ್ಡ ಸಂಶೋಧನೆ ಇಲ್ಲ, ಅದಕ್ಕೆ ಪ್ಲಗ್ಗೂ ಇಲ್ಲ ಪೈಪೂ ಇಲ್ಲ.

ಈಗ ಬಂಗುಡೆಗೆ ಬನ್ನಿ. ಬಂಗುಡೆ, ಬೂತಾಯಿ, ಕೇದರದಲ್ಲಿ (ಟ್ಯೂನಾ) ಹಿಸ್ಟಿಡಿನ್ ಅನ್ನುವ ಅಮೈನೋ ಆಮ್ಲ ಜಾಸ್ತಿ. ಐಸ್ ಇಲ್ಲದೆ ಬಿಸಿಲಲ್ಲಿ ಇಟ್ಟರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಮಾಡುತ್ತದೆ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪು, ಮೈ ತುರಿಕೆ, ತಲೆನೋವು. ಜನ "ನನಗೆ ಮೀನು ಅಲರ್ಜಿ" ಅಂದುಕೊಳ್ಳುತ್ತಾರೆ. ಆ ಹಿಸ್ಟಮಿನ್ ಬೇಯಿಸಿದರೂ ಹೋಗುವುದಿಲ್ಲ, ಹುರಿದರೂ ಹೋಗುವುದಿಲ್ಲ. ಬ್ಯಾಕ್ಟೀರಿಯಾ ಸತ್ತರೂ ಅದು ಮಾಡಿಟ್ಟದ್ದು ಮೀನಿನ ಒಳಗೇ ಇರುತ್ತದೆ. ಓಝೋನ್ ಗುಳ್ಳೆ ಅಲ್ಲಿ ಎಂತ ಮಾಡುತ್ತದೆ? ಮಾರ್ಕೆಟಿನಿಂದ ಮನೆಗೆ ಬರುವಾಗ ಒಂದು ಥರ್ಮೋಕೋಲ್ ಡಬ್ಬ, ಒಂದು ಹಿಡಿ ಐಸ್ ಇಟ್ಟುಕೊಳ್ಳಿ.

ಬೆಳ್ಮಣ್ ಬಸ್ಸು
ನನ್ನ ಭಾವನಿಗೆ ಕೇದರ ತಿಂದರೆ ಕೆಲವೊಮ್ಮೆ ಮಾತ್ರ ತುರಿಕೆ. ಒಮ್ಮೊಮ್ಮೆ ಏನೂ ಆಗುವುದಿಲ್ಲ. ಇದೇ ಇರಬೇಕಲ್ವಾ? ನಾವು ಸುಮ್ನೆ ಅವನನ್ನು ನಾಟಕ ಅಂತ ಬೈಯುತ್ತಿದ್ದೆವು.

ಮಲ್ಪೆ ದಕ್ಕೆ
ಇರಬಹುದು, ಡಾಕ್ಟರಿಗೆ ಹೇಳಲಿ. ನಿಜವಾದ ಅಲರ್ಜಿ ಆದರೆ ಅದು ಬೇರೆ, ಪರೀಕ್ಷೆ ಮಾಡಬೇಡಿ.

ತುಪ್ಪದೋಸೆ
ಮೀನು ಕೆಡದಂತೆ ಹಾಕುತ್ತಾರೆ ಅಂದ ಫಾರ್ಮಲಿನ್ ಕಥೆ ಎಂತ ಆಯಿತು? ಆಗ ನಮ್ಮ ಮನೆಯಲ್ಲಿ ಮೀನು ತರುವುದನ್ನೇ ನಿಲ್ಲಿಸಿದ್ದರು. ನಾನು ವೆಜ್, ನನಗೇನೂ ನಷ್ಟ ಇಲ್ಲ 😀

ಮಲ್ಪೆ ದಕ್ಕೆ
ಅದು 2018ರ ಗಲಾಟೆ, ಕೇರಳದ ಗಡಿಯಲ್ಲಿ ಲೋಡುಗಟ್ಟಲೆ ಹಿಡಿದರು. ಕೊಚ್ಚಿಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಸಿಐಎಫ್‌ಟಿ ಅದಕ್ಕೆಂದೇ ಒಂದು ಕಿಟ್ ತಂದಿತು. ಕಾಗದದ ಪಟ್ಟಿಯನ್ನು ಮೀನಿನ ಮೇಲೆ ಉಜ್ಜಿ ಒಂದು ಹನಿ ದ್ರಾವಣ ಹಾಕಿದರೆ ಬಣ್ಣದಲ್ಲಿ ಗೊತ್ತಾಗುತ್ತದೆ. ಅಮೋನಿಯಾಕ್ಕೂ ಬೇರೆ ಕಿಟ್ ಉಂಟು. ಬೊಂಬಿಲ್‌ನಂಥ ಕೆಲವು ಮೀನಲ್ಲಿ ಫಾರ್ಮಾಲ್ಡಿಹೈಡ್ ತನ್ನಷ್ಟಕ್ಕೇ ಆಗುತ್ತದೆ, ಹಾಗಾಗಿ ಬಣ್ಣ ಬಂದ ಕೂಡಲೇ ಮಾರುವ ಅಕ್ಕನ ಮೇಲೆ ಹಾರಬೇಡಿ. ಅವರಿಗೆ ಅರ್ಜೆಂಟಾಗಿ ಬೇಕಾದ್ದು ನೆರಳು ಮತ್ತು ಐಸ್.

ಹರಿವಾಣ
ಕೋಳಿ ತೊಳೆಯಬಾರದು ಅಂತ ಓದಿದ್ದೆ. ಹೌದಾ?

ಮಲ್ಪೆ ದಕ್ಕೆ
ನಲ್ಲಿ ಜೋರಾಗಿ ಬಿಟ್ಟು ತೊಳೆದರೆ ಹನಿ ಎಲ್ಲ ಕಡೆ ಹಾರುತ್ತದೆ. ಪಕ್ಕದಲ್ಲಿ ಕೊಚ್ಚಿಟ್ಟ ಸೌತೆ ಇದ್ದರೆ ಅದಕ್ಕೂ. ಕೋಳಿ ಹೇಗೂ ಬೇಯುತ್ತದೆ, ಸೌತೆ ಬೇಯುವುದಿಲ್ಲ. ನಮ್ಮವರು ತೊಳೆಯದೆ ಬಿಡುವುದಿಲ್ಲ ಅಂತ ಗೊತ್ತು. ಪಾತ್ರೆಯಲ್ಲಿ ನೀರು ಹಾಕಿ ನಿಧಾನ ತೊಳೆಯಿರಿ. ಗುಳ್ಳೆ ಮಷಿನ್ ಅಂದರೆ ಹನಿ ಹಾರಿಸಲಿಕ್ಕೆಂದೇ ಇಟ್ಟ ಹಾಗೆ.

ಗೋಳಿಬಜೆ
ಮನೆಯದ್ದು ಬಿಡಿ. ಹೋಟೆಲಿನಲ್ಲಿ ಚಮಚ ಹಾಕಿಟ್ಟಿರುವ ಬಿಸಿ ನೀರಿನ ಡಬ್ಬ ಬಗ್ಗೆ ಯಾರೂ ಯಾಕೆ ಮಾತಾಡುವುದಿಲ್ಲ? ಬೆಳಿಗ್ಗೆ ಏಳಕ್ಕೆ ಬಿಸಿ ಇರುತ್ತದೆ. ಹನ್ನೊಂದಕ್ಕೆ ನೋಡಿ, ಉಗುರುಬೆಚ್ಚಗೆ, ಮೇಲೆ ಸಾಂಬಾರಿನ ಎಣ್ಣೆ ಪದರ, ಒಳಗೆ ಒಂದು ಸಾಸಿವೆ, ಅರ್ಧ ಕರಿಬೇವು ತೇಲುತ್ತಿರುತ್ತದೆ. ನಾನು ಕೈಯಲ್ಲೇ ತಿನ್ನುತ್ತೇನೆ.

ಗಲ್ಲಾಪೆಟ್ಟಿಗೆ
ಹೋಟೆಲ್ ನಡೆಸುವವ ನಾನು, ಬೈಯುವುದಾದರೆ ಎದುರೇ ಬೈಯಿರಿ. ಆ ಡಬ್ಬಕ್ಕೆ ಹೀಟರ್ ಕಾಯಿಲ್ ಹಾಕಿಸಿದ್ದೇನೆ, ಥರ್ಮಾಮೀಟರ್ ಸಹಿತ. ಪಾತ್ರೆಯನ್ನು ಬಿಸಿನೀರಲ್ಲಿ ಕ್ರಿಮಿ ಸಾಯುವ ಹಾಗೆ ಅದ್ದಬೇಕಾದರೆ 77 ಡಿಗ್ರಿ, ಅರ್ಧ ನಿಮಿಷ ಅಂತ ಅಮೆರಿಕದ ನಿಯಮಪುಸ್ತಕದಲ್ಲಿ ಉಂಟು. 77 ಡಿಗ್ರಿ ನೀರಿನಿಂದ ಚಮಚ ತೆಗೆಯಲಿಕ್ಕೆ ಗಿರಾಕಿ ಕೈ ಹಾಕಿದರೆ ಎಂತ ಆಗುತ್ತದೆ ಹೇಳಿ? ಅದಕ್ಕೆ ಈಗ ಒಳಗೇ ಅದ್ದಿ, ಒಣಗಿಸಿ, ಹಿಡಿ ಮೇಲೆ ಬರುವಂತೆ ನಿಲ್ಲಿಸಿ ಇಡುತ್ತೇವೆ. ಗಿರಾಕಿಗಳೇ ಬಂದು "ಬಿಸಿನೀರು ಇಲ್ವಾ? ಕ್ಲೀನ್ ಇಲ್ಲ ನಿಮ್ಮಲ್ಲಿ" ಅಂತಾರೆ!

ಪಾತ್ರೆ ತೊಳೆಯುವ ಮಷಿನ್ ಹಾಕಿದ್ದು ಕೆಲಸಕ್ಕೆ ಜನ ಸಿಗುವುದಿಲ್ಲ ಅಂತ. ಕೊನೆಯ ನೀರು 82 ಡಿಗ್ರಿಯಲ್ಲಿ ಬೀಳುತ್ತದೆ, ತಟ್ಟೆ ಹೊರಗೆ ಬಂದಾಗ ತನ್ನಿಂದ ತಾನೇ ಒಣಗುತ್ತದೆ. ಒರೆಸುವ ಬಟ್ಟೆಯೇ ಬೇಡ. ನನಗೆ ಅದರಲ್ಲಿ ಇಷ್ಟವಾದದ್ದು ಅದೇ. ಎಲ್ಲ ರೋಗ ಇರುವುದು ಆ ಒರೆಸುವ ಬಟ್ಟೆಯಲ್ಲಿ.

ಕದ್ರಿ ಗುಡ್ಡೆ
ಟೇಬಲ್ ಒರೆಸುವ ಬಟ್ಟೆಗೆ ನನ್ನದೊಂದು ದೂರು ಸೇರಿಸಿ. ಒದ್ದೆ, ಬೂದಿ ಬಣ್ಣ, ಒಂದು ಥರದ ಹುಳಿ ವಾಸನೆ. ಮೊದಲು ಟೇಬಲ್ ಸರಿಯೇ ಇತ್ತು, ಒರೆಸಿದ ಮೇಲೆ ಮುಟ್ಟಲಿಕ್ಕೆ ಆಗುವುದಿಲ್ಲ.

ಹರಿವಾಣ
ಡಿಶ್‌ವಾಷರನ್ನು 1886ರಲ್ಲಿ ಪೇಟೆಂಟ್ ಮಾಡಿದ್ದು ಜೋಸೆಫೀನ್ ಕೊಕ್ರೇನ್ ಅನ್ನುವ ಅಮೆರಿಕದ ಹೆಂಗಸು. ಕೆಲಸದವರು ತೊಳೆಯುವಾಗ ಪಿಂಗಾಣಿ ಒಡೆಯುತ್ತಾರೆ ಅಂತ ಅವಳಿಗೆ ಬೇಜಾರು. ಮೊದಲು ಕೊಂಡವರು ಹೋಟೆಲಿನವರೇ.

ಗೋಳಿಬಜೆ
ನಮ್ಮ ಮನೆಯಲ್ಲಿ ಡಿಶ್‌ವಾಷರ್ ಉಂಟು. ತೊಳೆದ ಪಾತ್ರೆಯನ್ನು ಅಮ್ಮ ಇನ್ನೊಮ್ಮೆ ತೊಳೆಯುತ್ತಾರೆ.

ನೇತ್ರಾವತಿ ಬದಿ
ಈ ಎಲ್ಲದಕ್ಕೂ ಮೊದಲು ತೊಳೆಯುವ ನೀರು ಹೇಗಿದೆ ನೋಡಿ. ನಮ್ಮ ಕಡೆ ಮುರಕಲ್ಲಿನ ನೆಲ, ತೂತು ತೂತು. ಶೌಚದ ಗುಂಡಿ ಒಂದು ಕಡೆ, ಬಾವಿ ಅದರ ಪಕ್ಕ. ಜೂನ್ ಮಳೆ ಎರಡು ದಿನ ಹೊಡೆದರೆ ಸಾಕು, ಮೇಲಿನದ್ದೆಲ್ಲ ಬಾವಿಗೆ ಇಳಿಯುತ್ತದೆ. ಕಾಮಾಲೆ, ವಾಂತಿಭೇದಿ ಶುರುವಾಗುವುದು ಆಗಲೇ. ಯುವಿ (ಅತಿನೇರಳೆ ಬೆಳಕಿನ) ಫಿಲ್ಟರ್ ಹಾಕಿದ್ದೇವೆ ಅಂತ ಧೈರ್ಯದಲ್ಲಿ ಇರುತ್ತಾರೆ. ನೀರು ಕಲಕಿದ್ದರೆ ಆ ಬೆಳಕು ಒಳಗೆ ಹೋಗುವುದಿಲ್ಲ, ಮಣ್ಣಿನ ಕಣದ ನೆರಳಲ್ಲಿ ಕ್ರಿಮಿ ಆರಾಮಾಗಿ ಕೂತಿರುತ್ತದೆ.

ಬ್ಲೀಚಿಂಗ್ ಪೌಡರ್ ಲೆಕ್ಕ ಗೊತ್ತಿಲ್ಲದೆ ಜನ ಡಬ್ಬ ಡಬ್ಬ ಸುರಿಯುತ್ತಾರೆ. 1000 ಲೀಟರಿಗೆ 2.5 ಗ್ರಾಂ, ಅಷ್ಟೇ. ಬಾವಿಯ ಅಗಲ 2 ಮೀಟರ್, ನೀರು 3 ಮೀಟರ್ ಇದ್ದರೆ ಸುಮಾರು 9,400 ಲೀಟರ್ ಆಯಿತು, 24 ಗ್ರಾಂ ಪೌಡರ್ ಸಾಕು. ಪೌಡರನ್ನು ನೇರ ಹಾಕಬೇಡಿ. ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಇನ್ನೊಂದು ಬಕೆಟಿಗೆ ಬಗ್ಗಿಸಿ, ಅದನ್ನು ಹಗ್ಗ ಕಟ್ಟಿ ಬಾವಿಗೆ ಇಳಿಸಿ ಮೇಲೆ ಕೆಳಗೆ ಆಡಿಸಬೇಕು. ಕಡಿಮೆ ಅಂದರೂ ಒಂದು ಗಂಟೆ ಬಿಡಿ. ರಾತ್ರಿ ಹಾಕಿದರೆ ಬೆಳಿಗ್ಗೆ ಬಳಸಬಹುದು.

ಸುರತ್ಕಲ್ ಕೆಮಿಸ್ಟ್
ಲೆಕ್ಕ ಸರಿ, ಆದರೆ ಅದು ತಿಳಿ ನೀರಿಗೆ, ಹೊಸ ಪೌಡರಿಗೆ. ಕಸ ಕಡ್ಡಿ ಕೊಳೆತ ಮಳೆ ನೀರು ಕ್ಲೋರಿನನ್ನು ತಾನೇ ನುಂಗುತ್ತದೆ. ಬಾಯಿ ತೆರೆದಿಟ್ಟ ಪೌಡರಿನ ಕ್ಲೋರಿನ್ ಹಾರಿಹೋಗಿರುತ್ತದೆ. ಆರೋಗ್ಯ ಕಾರ್ಯಕರ್ತೆಯರ ಹತ್ತಿರ ಕ್ಲೋರಿನ್ ನೋಡುವ ಸಣ್ಣ ಕಿಟ್ ಇದ್ದರೆ ಕೇಳಿ. ಒಂದು ಗಂಟೆ ಕಳೆದು ಲೀಟರಿಗೆ 0.5 ಮಿಲಿಗ್ರಾಂ ಉಳಿದಿರಬೇಕು.

ಇನ್ನೊಂದು ಮಾತು, ದಯವಿಟ್ಟು ಎಲ್ಲರೂ ಓದಿ. ಬ್ಲೀಚಿಂಗ್ ಪೌಡರಿನ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಸೇರಿಸಬೇಡಿ. ಎರಡೂ ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ನಮ್ಮ ಪರಿಚಯದ ಒಂದು ಮನೆಯಲ್ಲಿ ಬಾಗಿಲು ಹಾಕಿಕೊಂಡು ಬಾತ್‌ರೂಮ್ ತಿಕ್ಕಿದ ಹೆಂಗಸನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಬೇಕಾಯಿತು. ಡಬಲ್ ಕ್ಲೀನ್ ಆಗಲಿ ಅಂತ ಹಾಕಿದ್ದಂತೆ.

ಬಸಳೆಬಳ್ಳಿ, ಕುಂಜಿಬೆಟ್ಟು
ನಾನು ಸೊಪ್ಪಿನ ಬಗ್ಗೆ ಕೇಳಿದ್ದು, ನೀವು ಬಾವಿಗೇ ಇಳಿದಿರಿ 😀 ಆದರೆ ಉಪಕಾರ ಆಯಿತು. ಗಂಡನಿಗೆ ಕೆಮಿಸ್ಟರ ಆಕ್ಸಾನ್ ಪ್ಯಾರಾ ಓದಿ ಹೇಳಿದೆ. ಈಗ ಅವರಿಗೆ ಮಷಿನ್ ಬೇಡ, ಪ್ರೋಬ್ ಥರ್ಮಾಮೀಟರ್ ಬೇಕಂತೆ.

ಮಲ್ಪೆ ದಕ್ಕೆ
ಒಳ್ಳೆ ಗಂಡ. ಕೊಡಿಸಿ.

ಅಷ್ಟಮಿ ಮೂಡೆ
ತಡವಾಗಿ ಬಂದೆ. ನನ್ನ ಪ್ರಕಾರ ನಮ್ಮ ಊರಿನ ಒಳ್ಳೆ ಉಪಾಯ ಅಂದರೆ ಎಲೆ. 2025ರ ಫೆಬ್ರವರಿಯಲ್ಲಿ ಇಡ್ಲಿ ಬೇಯಿಸುವಾಗ ಪ್ಲಾಸ್ಟಿಕ್ ಹಾಳೆ ಹಾಕಬಾರದು ಅಂತ ಸರ್ಕಾರ ಹೇಳಬೇಕಾಯಿತು. ಹಲಸಿನ ಎಲೆಯ ಕೊಟ್ಟೆ, ಕೇದಗೆಯ ಮೂಡೆ ಇರುವ ಊರಿನವರಿಗೆ ಆ ಸುದ್ದಿ ಓದಿ ನಗು ಬಂತು. ಎಲೆ ಆವಿಯಲ್ಲೇ ಬೇಯುತ್ತದೆ, ತಿಂದು ಎಸೆದರೆ ದನ ತಿನ್ನುತ್ತದೆ, ತೊಳೆಯುವ ಕೆಲಸವೇ ಇಲ್ಲ.

ಗೋಳಿಬಜೆ
ಹಾಗಾದರೆ ಬಜೆ ಕಟ್ಟುವ ಪೇಪರ್? 2018ರ ಪ್ಯಾಕಿಂಗ್ ನಿಯಮದಲ್ಲಿ ನ್ಯೂಸ್‌ಪೇಪರ್ ಬೇಡ ಅಂತ ಉಂಟಂತೆ. ಎಣ್ಣೆಗೆ ಶಾಯಿ ಬಿಡುತ್ತದೆ. ಬಜೆ ಮೇಲೆ ಹೆಡ್‌ಲೈನ್ ಮೂಡಿದ್ದನ್ನು ನಾನೇ ಓದಿದ್ದೇನೆ.

ಗಲ್ಲಾಪೆಟ್ಟಿಗೆ
ಬಾಳೆ ಎಲೆ ತುಂಡಲ್ಲಿ ಕೊಟ್ಟರೆ "ಚಟ್ನಿ ಸೋರುತ್ತದೆ" ಅಂತಾರೆ. ಎಲೆಯ ರೇಟೂ ನೋಡಿ ಸ್ವಾಮಿ.

ಕಾರ್ಕಳದ ತೋಟ
ಬಾಳೆ ಎಲೆ ನನ್ನಲ್ಲಿ ಉಂಟು. ಮದ್ದು ಬಿಟ್ಟಿಲ್ಲ. ಗಲ್ಲಾಪೆಟ್ಟಿಗೆಯವರೇ, ಒಳಗೆ ಮೆಸೇಜ್ ಹಾಕಿ.

ಹರಿವಾಣ
@ಅಷ್ಟಮಿ ಮೂಡೆ ಕೇದಗೆ ಎಲೆಯ ಮುಳ್ಳು ತೆಗೆದು, ಬಾಡಿಸಿ, ಸುತ್ತಿಟ್ಟ ಕೊಟ್ಟೆ ಉಡುಪಿಯಲ್ಲಿ ಎಲ್ಲಿ ಸಿಗುತ್ತದೆ? ಮಂಗಳೂರಿನಲ್ಲಿ ಕಳೆದ ವರ್ಷ ಸಿಕ್ಕಿದ್ದು ಬುಡ ಬಿಟ್ಟುಹೋಗಿ ಹಿಟ್ಟೆಲ್ಲ ಇಡ್ಲಿ ಪಾತ್ರೆಯ ನೀರಿಗೆ ಇಳಿಯಿತು.

ಅಷ್ಟಮಿ ಮೂಡೆ
ಹಬ್ಬದ ಹಿಂದಿನ ದಿನ ರಥಬೀದಿ ಕಡೆ ಬನ್ನಿ, ರಸ್ತೆ ಬದಿಯಲ್ಲಿ ಕೂತಿರುತ್ತಾರೆ. ಮಧ್ಯಾಹ್ನದ ಒಳಗೆ ಬನ್ನಿ, ಸಂಜೆಗೆ ಉಳಿಯುವುದಿಲ್ಲ. ಬುಡಕ್ಕೆ ಬೆರಳು ಒತ್ತಿ ನೋಡಿಯೇ ತಗೊಳ್ಳಿ, ಅವರು ಬೈದರೂ ಪರವಾಗಿಲ್ಲ.